ಗ್ಲೂಟನ್ ತೆಗೆದ್ರೆ ಸಾಲದು, ಬ್ರೆಡ್‌ಗೆ ನಾರನ್ನ ವಾಪಸ್ ಹಾಕ್ಬೇಕು

ಮಾನ್ಯ ಸಂಪಾದಕರೇ,

ಗ್ಲೂಟನ್ ಫ್ರೀ ಅಂತ ಬರೆದಿರೋ ಬ್ರೆಡ್ ಪ್ಯಾಕೆಟ್ ಯಾವಾಗಾದ್ರೂ ಕೈಗೆ ಸಿಕ್ರೆ ಅದನ್ನ ತಿರುಗಿಸಿ ಹಿಂದುಗಡೆ ಇರೋ ಸಣ್ಣ ಅಕ್ಷರ ಒಂದ್ಸಲ ಓದಿ ನೋಡಿ. ಮುಂದುಗಡೆ ದೊಡ್ಡದಾಗಿ ಹಾಕಿರೋ ಮಾತಿಗೆ, ಅಂದ್ರೆ ಗೋಧಿಯಂಥ ಧಾನ್ಯದಲ್ಲಿರೋ ಗ್ಲೂಟನ್ ಅನ್ನೋ ಪ್ರೋಟೀನ್ ಇಲ್ಲ ಅನ್ನೋದಕ್ಕೆ, ಕಟ್ಟುನಿಟ್ಟಾದ ಲೆಕ್ಕ ಇದೆ. ಒಂದು ಕೆಜಿ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲೂಟನ್ ಇರಬಾರದು ಅಂತ ಅಂತಾರಾಷ್ಟ್ರೀಯ ಆಹಾರ ಮಾನದಂಡ ಮಾಡೋ ಕೋಡೆಕ್ಸ್ 2008ರಲ್ಲಿ ತೀರ್ಮಾನ ಮಾಡ್ತು, ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಅದೇ ಮಿತಿಯನ್ನ ನಿಯಮ ಮಾಡ್ತು. ಇದೆಲ್ಲ ಆಗ್ಲೇಬೇಕಾಗಿದ್ದ ಕೆಲಸ, ಇದ್ರಿಂದ ಎಷ್ಟೋ ಮನೆಗಳಲ್ಲಿ ಜನ ಭಯ ಇಲ್ಲದೆ ತಿಂತಿದ್ದಾರೆ. ಆದ್ರೆ ಹಿಂದುಗಡೆ ಪದಾರ್ಥಗಳ ಪಟ್ಟಿ ನೋಡಿ. ಎಷ್ಟೋ ಪ್ಯಾಕೆಟ್‌ಗಳಲ್ಲಿ ಮೊದಲು ಬರೋದು ಕಾರ್ನ್ ಸ್ಟಾರ್ಚ್, ಆಮೇಲೆ ಬಿಳಿ ಅಕ್ಕಿ ಹಿಟ್ಟು, ಮರಗೆಣಸಿನ ಸ್ಟಾರ್ಚ್, ಆಲೂಗಡ್ಡೆ ಸ್ಟಾರ್ಚ್, ಅದ್ರ ಹಿಂದೆ ಎಣ್ಣೆ ಸಕ್ಕರೆ. ಇದ್ರಲ್ಲಿ ನಾರಿನಂಶ ಎಲ್ಲಿಂದ ಬರ್ಬೇಕು ಹೇಳಿ. ಬ್ರೆಡ್‌ನಿಂದ ಏನು ತೆಗೆದಿದ್ದಾರೆ ಅನ್ನೋದನ್ನ ಲ್ಯಾಬಲ್ಲಿ ಚೆಕ್ ಮಾಡ್ತಾರೆ, ತೆಗೆದ ಜಾಗಕ್ಕೆ ಏನು ಹಾಕಿದ್ದಾರೆ ಅನ್ನೋದನ್ನ ಯಾರೂ ಕೇಳಲ್ಲ. ಈ ಪತ್ರ ಬರೀತಿರೋದು ಅದನ್ನ ಕೇಳೋಕೆ.

ನನ್ನ ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆ. ಇದು ಅಲರ್ಜಿ ಅಲ್ಲ, ಡಯಟ್ ಶೋಕಿ ಅಂತೂ ಅಲ್ವೇ ಅಲ್ಲ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯದಲ್ಲಿರೋ ಗ್ಲೂಟನ್ ಹೊಟ್ಟೆಗೆ ಹೋದ್ರೆ ದೇಹದ ರೋಗನಿರೋಧಕ ವ್ಯವಸ್ಥೆ ತನ್ನ ಸಣ್ಣ ಕರುಳಿನ ಮೇಲೇ ದಾಳಿ ಮಾಡುತ್ತೆ, ಒಳಪದರದಲ್ಲಿ ಬೆರಳಿನಂಗೆ ಎದ್ದು ನಿಂತು ಪೋಷಕಾಂಶ ಹೀರಿಕೊಳ್ಳೋ ಎಳೆಗಳು ಸವೆದು ಚಪ್ಪಟೆ ಆಗ್ತವೆ, ಏನು ತಿಂದ್ರೂ ಮೈಗೆ ಹತ್ತಲ್ಲ. ಜಗತ್ತಿನ ಜನಸಂಖ್ಯೆಯಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದು ಇದೆ, ಅದ್ರಲ್ಲಿ ತುಂಬಾ ಜನಕ್ಕೆ ಇದೆ ಅಂತಲೇ ಗೊತ್ತಿಲ್ಲ. ಗೋಧಿಗೂ ಈ ಕಾಯಿಲೆಗೂ ಇರೋ ಸಂಬಂಧವನ್ನ ವಿಲ್ಲೆಮ್ ಡಿಕ್ಕೆ ಅನ್ನೋ ಡಚ್ ಮಕ್ಕಳ ಡಾಕ್ಟರ್ 1950ರ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ರು. ಅವತ್ತಿಂದ ಇವತ್ತಿನ ತನಕ ಚಿಕಿತ್ಸೆ ಒಂದೇ, ಜೀವನಪೂರ್ತಿ ಗ್ಲೂಟನ್ ಬಿಡೋದು. ಜೀವನಪೂರ್ತಿ ಅನ್ನೋದನ್ನ ಸ್ವಲ್ಪ ಯೋಚನೆ ಮಾಡಿ. ವರ್ಷಕ್ಕೆ ಒಂದ್ಸಲ ತಿನ್ನೋ ಗ್ಲೂಟನ್ ಫ್ರೀ ಕೇಕಲ್ಲಿ ನಾರು ಇಲ್ದಿದ್ರೂ ನಡೆಯುತ್ತೆ, ಆದ್ರೆ ಮಗು ದಿನಾ ಬೆಳಿಗ್ಗೆ ತಿನ್ನೋ ಬ್ರೆಡ್ ಬರೀ ಸ್ಟಾರ್ಚ್ ಆಗಿದ್ರೆ ಆ ಕೊರತೆ ದಿನಾ ಸೇರ್ತಾ ಸೇರ್ತಾ ಹೋಗುತ್ತೆ.

ನಾರಿನ ಲೆಕ್ಕ ಸ್ವಲ್ಪ ಹೇಳ್ತೀನಿ. ದೊಡ್ಡವರಿಗೆ ದಿನಕ್ಕೆ ಕಡಿಮೆ ಅಂದ್ರೂ 25 ಗ್ರಾಂ ನಾರು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ಇಡೀ ಗೋಧಿಯ ಬ್ರೆಡ್ ಆದ್ರೆ 100 ಗ್ರಾಂಗೆ ಸುಮಾರು 6ರಿಂದ 7 ಗ್ರಾಂ ಸಿಗುತ್ತೆ, ಅಂದ್ರೆ ಗೋಧಿ ತಿನ್ನೋರಿಗೆ ದಿನದ ನಾರಿನ ದೊಡ್ಡ ಪಾಲು ಅವರಿಗೆ ಗೊತ್ತಿಲ್ದೇನೇ ಬ್ರೆಡ್‌ನಿಂದ ಬರ್ತಿರುತ್ತೆ. ಕಾರ್ನ್ ಸ್ಟಾರ್ಚ್, ಮರಗೆಣಸಿನ ಸ್ಟಾರ್ಚ್‌ನಲ್ಲಿ 100 ಗ್ರಾಂಗೆ ಸಿಗೋದು ಹೆಚ್ಚುಕಮ್ಮಿ 1 ಗ್ರಾಂ, ಬಿಳಿ ಅಕ್ಕಿ ಹಿಟ್ಟಲ್ಲಿ ಎರಡೂವರೆ ಗ್ರಾಂ ಹತ್ರ. ಹಿಟ್ಟಲ್ಲೇ ಇಷ್ಟು, ಅದಕ್ಕೆ ನೀರು ಎಣ್ಣೆ ಸೇರಿ ಬ್ರೆಡ್ ಆದ್ಮೇಲೆ ಇನ್ನೂ ಕಡಿಮೆ. ಅದ್ರ ಮೇಲೆ ಸ್ಟಾರ್ಚ್ ಜಾಸ್ತಿ ಇರೋ ಬ್ರೆಡ್ ಬೇಗ ಜೀರ್ಣ ಆಗಿ ರಕ್ತದಲ್ಲಿ ಸಕ್ಕರೆ ತಟ್ಟನೆ ಏರುತ್ತೆ. ಟೈಪ್ 1 ಡಯಾಬಿಟಿಸ್ ಇರೋರಲ್ಲಿ ಸೀಲಿಯಾಕ್ ಬೇರೆಯವರಿಗಿಂತ ಜಾಸ್ತಿ ಕಾಣಿಸ್ಕೊಳ್ಳುತ್ತೆ, ಎರಡೂ ಇರೋ ಮಕ್ಕಳ ತಂದೆ ತಾಯಿಗೆ ಇದು ಎಂಥ ತಲೆನೋವು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಗ್ಲೂಟನ್ ಬಿಟ್ಟ ಮೇಲೆ ಹೊಟ್ಟೆನೋವು ಭೇದಿ ನಿಂತು ಅದ್ರ ಜಾಗಕ್ಕೆ ಮಲಬದ್ಧತೆ ಬಂತು ಅಂತ ಹೇಳೋರೂ ಬಹಳ ಜನ. ನಮ್ಮ ಮನೇಲೂ ಅದೇ ಆಯ್ತು, ಮಗಳ ತೂಕ ಏರ್ತು, ಮುಖದಲ್ಲಿ ಕಳೆ ಬಂತು, ಆದ್ರೆ ಬೆಳಿಗ್ಗೆ ಟಾಯ್ಲೆಟ್‌ನಲ್ಲಿ ಕೂತು ಅಳೋಳು.

ಹಾಗಾದ್ರೆ ಬ್ರೆಡ್ ಮಾಡೋರು ನಾರು ಹಾಕಿಬಿಟ್ರೆ ಆಯ್ತಲ್ಲ ಅಂತ ಅನ್ಸಬಹುದು. ಅಷ್ಟು ಸುಲಭ ಇಲ್ಲ, ಅದನ್ನೂ ನ್ಯಾಯವಾಗಿ ಹೇಳ್ಬೇಕು. ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದಾಗ ಗ್ಲೂಟನ್ ಬಲೆ ತರ ಹರಡ್ಕೊಂಡು ಯೀಸ್ಟ್ ಬಿಡೋ ಗ್ಯಾಸನ್ನ ಒಳಗೇ ಹಿಡಿದಿಡುತ್ತೆ, ಅದಕ್ಕೇ ಬ್ರೆಡ್ ಉಬ್ಬೋದು. ಗ್ಲೂಟನ್ ಇಲ್ದಿದ್ರೆ ಹಿಟ್ಟು ನಾದೋ ಹದಕ್ಕೇ ಬರಲ್ಲ, ಹುಯ್ಯೋ ಹದದಲ್ಲಿರುತ್ತೆ, ಗ್ಯಾಸ್ ಎಲ್ಲ ಸೋರಿ ಹೋಗುತ್ತೆ, ಬೇಯಿಸಿದ್ರೆ ಮಧ್ಯ ಕುಸಿಯುತ್ತೆ, ಮಾರನೇ ದಿನಕ್ಕೆ ಒಣಗಿ ಪುಡಿಪುಡಿ ಆಗುತ್ತೆ. ಅದಕ್ಕೇ ಕಂಪನಿಗಳು ಕ್ಸಾಂಥಾನ್ ಗಮ್, ಗೌರ್ ಗಮ್, ಎಚ್‌ಪಿಎಂಸಿ ಅನ್ನೋ ಅಂಟುಗಳನ್ನ ಹಾಕಿ ಗ್ಲೂಟನ್ ಮಾಡೋ ಕೆಲಸ ಮಾಡಿಸ್ತಾರೆ. ಇಂಥ ನಾಜೂಕಾದ ಹಿಟ್ಟಿಗೆ ದಪ್ಪ ದಪ್ಪ ನಾರು ತಂದು ಸುರಿದ್ರೆ ಇರೋ ಚೂರುಪಾರು ಗುಳ್ಳೆಗಳೂ ಒಡೆದು ಹೋಗ್ತವೆ, ಬ್ರೆಡ್ ಇಟ್ಟಿಗೆ ತರ ಗಟ್ಟಿ ಆಗುತ್ತೆ. ಆದ್ದರಿಂದ ಎಷ್ಟು ನಾರು ಹಾಕ್ತೀವಿ ಅನ್ನೋದಕ್ಕಿಂತ ಮೊದಲು ಯಾವ ನಾರು, ಎಷ್ಟು ನುಣ್ಣಗೆ, ಎಷ್ಟು ನೀರಿನ ಜೊತೆ ಅನ್ನೋದು ನೋಡ್ಬೇಕಾಗುತ್ತೆ. ಇಡೀ ವಿಷಯ ಇರೋದೇ ಇಲ್ಲಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಮೊದಲು ಇಸಬ್‌ಗೋಲ್. ಮಲಬದ್ಧತೆಗೆ ರಾತ್ರಿ ನೀರಲ್ಲಿ ಕಲಸಿ ಕುಡಿಯೋ ಅದೇ ಹೊಟ್ಟು. ಗ್ಲೂಟನ್ ಇಲ್ಲದ ಬ್ರೆಡ್‌ಗೆ ಇದಕ್ಕಿಂತ ಒಳ್ಳೇ ನೆಂಟ ಇನ್ನೊಂದಿಲ್ಲ ಅಂತ ನಾನು ಧೈರ್ಯವಾಗಿ ಹೇಳ್ತೀನಿ, ಯಾಕಂದ್ರೆ ಅದು ನಾರು ಕೊಡೋದರ ಜೊತೆಗೆ ಹಿಟ್ಟನ್ನ ಕಟ್ಟಿಯೂ ಹಿಡಿಯುತ್ತೆ. ಒಂದು ಬಟ್ಟಲು ನೀರಿಗೆ ಇಸಬ್‌ಗೋಲ್ ಉದುರಿಸಿ ಫೋರ್ಕಲ್ಲಿ ತಿರುಗಿಸ್ತಾ ಇರಿ, ಮೊದಲು ನೀರಲ್ಲಿ ಹೊಟ್ಟು ತೇಲ್ತಿರೋ ಹಾಗೆ ಕಾಣುತ್ತೆ, ಐದು ಹತ್ತು ನಿಮಿಷಕ್ಕೆ ನೀರೇ ಕಾಣಲ್ಲ, ಬಟ್ಟಲು ಓರೆ ಮಾಡಿದ್ರೂ ಜಾರದೇ ಇರೋ ಲೋಳೆ ಮುದ್ದೆ ಆಗಿರುತ್ತೆ. ತನ್ನ ತೂಕದ ಹತ್ತಾರು ಪಟ್ಟು ನೀರನ್ನ ಹಿಡ್ಕೊಳ್ಳೋ ಶಕ್ತಿ ಅದಕ್ಕಿದೆ. ಈ ಲೋಳೆಯನ್ನ ಹಿಟ್ಟಿಗೆ ಸೇರಿಸಿದ್ರೆ ಹುಯ್ಯೋ ಹದದಲ್ಲಿದ್ದ ಹಿಟ್ಟು ಕೈಯಲ್ಲಿ ಎತ್ತಿ ಉಂಡೆ ಮಾಡೋ ಹದಕ್ಕೆ ಬರುತ್ತೆ, ಗ್ಯಾಸ್ ಒಳಗೆ ನಿಲ್ಲುತ್ತೆ, ಬ್ರೆಡ್ ಬೇಗ ಒಣಗಲ್ಲ, ಸ್ಲೈಸ್ ಮಡಚಿದ್ರೂ ಮುರಿಯಲ್ಲ. 300 ಗ್ರಾಂ ಹಿಟ್ಟಿಗೆ 15 ಗ್ರಾಂ ಇಸಬ್‌ಗೋಲ್ ಹಾಕಿದ್ರೆ ಅದೊಂದರಿಂದಲೇ 100 ಗ್ರಾಂ ಬ್ರೆಡ್‌ಗೆ ಹತ್ರ ಹತ್ರ 2 ಗ್ರಾಂ ನಾರು ಸಿಗುತ್ತೆ. ಕೊಲೆಸ್ಟ್ರಾಲ್ ವಿಷಯದಲ್ಲೂ ಇದಕ್ಕೆ ಒಳ್ಳೇ ಹೆಸರಿದೆ, ದಿನಕ್ಕೆ 7 ಗ್ರಾಂ ನೀರಲ್ಲಿ ಕರಗೋ ನಾರು ಇಸಬ್‌ಗೋಲ್‌ನಿಂದ ಸಿಕ್ರೆ ಹೃದ್ರೋಗದ ಅಪಾಯ ಕಡಿಮೆ ಆಗಬಹುದು ಅಂತ ಪ್ಯಾಕೆಟ್ ಮೇಲೆ ಹೇಳ್ಕೊಳ್ಳೋಕೆ ಅಮೆರಿಕದ ಎಫ್‌ಡಿಎ 1998ರಲ್ಲೇ ಒಪ್ಪಿಗೆ ಕೊಟ್ಟಿದೆ. ತೊಂದರೆ ಒಂದೇ, ತುಂಬಾ ಹಾಕಿದ್ರೆ ಒಳಗೆ ಅಂಟಂಟು, ಬೆಂದಿಲ್ಲವೇನೋ ಅನ್ನೋ ಹಾಗೆ ಇರುತ್ತೆ, ಹಾಗಾಗಿ ಹಿಟ್ಟಿನ ತೂಕದ ನೂರಕ್ಕೆ ಐದರ ಆಸುಪಾಸಲ್ಲಿ ನಿಲ್ಲಿಸೋದು ಒಳ್ಳೇದು.

ಇನ್ನೊಂದು ನಾರು ಇನುಲಿನ್. ಚಿಕೋರಿ ಬೇರಿಂದ ತೆಗೆಯೋದು, ಬಿಳಿ ಪುಡಿ, ಸ್ವಲ್ಪ ಸಿಹಿ, ಬ್ರೆಡ್‌ನ ಬಣ್ಣ ಕೆಡಲ್ಲ, ಕಂಪನಿಗಳಿಗೆ ಬಹಳ ಇಷ್ಟ. ಕರುಳಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾಗೆ ಇದು ಆಹಾರ ಅನ್ನೋದೂ ನಿಜ. ಆದ್ರೆ ಇಲ್ಲಿ ಎರಡು ವಿಷಯ ಗ್ರಾಹಕರಿಗೆ ಯಾರೂ ಹೇಳಲ್ಲ. ಯೀಸ್ಟ್‌ನಲ್ಲಿರೋ ಇನ್ವರ್ಟೇಸ್ ಅನ್ನೋ ಕಿಣ್ವ ಇನುಲಿನ್‌ನ ಗಿಡ್ಡ ಸರಪಳಿಗಳನ್ನ ಒಡೆದು ಸಕ್ಕರೆ ಮಾಡಿಬಿಡುತ್ತೆ, ಯೀಸ್ಟ್ ಅದನ್ನ ತಿಂದು ಗ್ಯಾಸ್ ಬಿಡುತ್ತೆ, ಅಂದ್ರೆ ಹಿಟ್ಟು ಕಲಸುವಾಗ ಹಾಕಿದ ಅಷ್ಟೂ ನಾರು ಬೆಂದ ಬ್ರೆಡ್‌ನಲ್ಲಿ ಉಳಿದಿರಲ್ಲ. ಹಾಗಾಗಿ ಲೇಬಲ್ ಮೇಲಿನ ಅಂಕಿ ರೆಸಿಪಿ ನೋಡಿ ಕೂಡಿ ಕಳೆದದ್ದಾ ಅಥವಾ ಬೆಂದ ಬ್ರೆಡ್‌ನ ಲ್ಯಾಬ್‌ಗೆ ಕೊಟ್ಟು ಅಳೆಸಿದ್ದಾ ಅನ್ನೋದು ತುಂಬಾ ಮುಖ್ಯ. ಎರಡನೇದು, ಇನುಲಿನ್ ಫ್ರಕ್ಟಾನ್ ಅನ್ನೋ ಸಕ್ಕರೆ ಸರಪಳಿಗಳ ಜಾತಿಗೆ ಸೇರಿದ್ದು. ಗೋಧಿಯಲ್ಲೂ ಫ್ರಕ್ಟಾನ್ ಇರುತ್ತೆ, ಕರುಳು ಸೂಕ್ಷ್ಮ ಇರೋ ಎಷ್ಟೋ ಜನಕ್ಕೆ ಗೋಧಿ ತಿಂದಾಗ ಹೊಟ್ಟೆ ಉಬ್ಬರಿಸೋದು ಅದ್ರಿಂದಲೇ. ಅಂಥವರು ಗೋಧಿ ಬಿಟ್ಟು ಗ್ಲೂಟನ್ ಫ್ರೀ ಬ್ರೆಡ್ ತಗೊಂಡ್ರೆ ಅದರೊಳಗೆ ಫ್ರಕ್ಟಾನ್ ಇನುಲಿನ್ ಹೆಸರಲ್ಲಿ ಮತ್ತೆ ಕೂತಿರುತ್ತೆ, ತಿಂದ್ಮೇಲೆ ಅದೇ ಉಬ್ಬರ ಅದೇ ನೋವು, ಅವರು ಪಾಪ ಎಲ್ಲೋ ಗ್ಲೂಟನ್ ಸೇರಿದೆ ಅಂತ ಗಾಬರಿ ಬೀಳ್ತಾರೆ. ಇನುಲಿನ್ ಹಾಕಬೇಡಿ ಅಂತ ನಾನು ಹೇಳ್ತಿಲ್ಲ, ಸ್ವಲ್ಪ ಹಾಕಿ, ಬೇರೆ ನಾರಿನ ಜೊತೆ ಬೆರೆಸಿ ಹಾಕಿ, ಎಷ್ಟು ಹಾಕಿದೀರಿ ಅಂತ ಬರೀರಿ ಅಂತ ಕೇಳ್ತಿದೀನಿ. ನಾರು ಹೆಚ್ಚಿದೆ ಅಂತ ಪ್ಯಾಕೆಟ್ ಮೇಲೆ ಬರೆಯೋಕೆ ಯುರೋಪಿನ ನಿಯಮದ ಪ್ರಕಾರ 100 ಗ್ರಾಂಗೆ 6 ಗ್ರಾಂ ಇರ್ಬೇಕು, ನಾರಿನ ಮೂಲ ಅಂತ ಬರೆಯೋಕೆ 3 ಗ್ರಾಂ ಸಾಕು. ಆ ಅಂಕಿ ಮುಟ್ಟೋಕೆ ಅಗ್ಗದ ಒಂದೇ ಪುಡಿ ಸುರಿಯೋದಕ್ಕೂ ತಿನ್ನೋರ ಹೊಟ್ಟೆ ಯೋಚನೆ ಮಾಡಿ ನಾರು ಸೇರಿಸೋದಕ್ಕೂ ತುಂಬಾ ದೂರ ಇದೆ.

ನೀರಲ್ಲಿ ಹೆಚ್ಚಾಗಿ ಕರಗದ ನಾರುಗಳ ಕತೆ ಬೇರೆ. ಬಟಾಣಿ ಸಿಪ್ಪೆ, ಸಕ್ಕರೆ ಬೀಟ್, ಜ್ಯೂಸ್ ತೆಗೆದ ಮೇಲೆ ಉಳಿಯೋ ಸೇಬಿನ ಹಿಪ್ಪೆ, ಕಿತ್ತಳೆ ನಿಂಬೆ ಜಾತಿ ಹಣ್ಣಿನ ಸಿಪ್ಪೆ ಇವನ್ನೆಲ್ಲ ಒಣಗಿಸಿ ಪುಡಿ ಮಾಡಿ ಬ್ರೆಡ್‌ಗೆ ಹಾಕ್ತಾರೆ. ಮಲಬದ್ಧತೆ ಇರೋರಿಗೆ ಇವು ಬೇಕು, ಆದ್ರೆ ನುಣ್ಣಗೆ ಬೀಸಿರಬೇಕು, ನೀರು ಧಾರಾಳವಾಗಿ ಹೆಚ್ಚಿಸಬೇಕು. ಗೋಧಿ ಬ್ರೆಡ್‌ಗೆ 100 ಗ್ರಾಂ ಹಿಟ್ಟಿಗೆ 60 ಚಿಲ್ಲರೆ ಗ್ರಾಂ ನೀರು ಹಿಡಿದ್ರೆ ಗ್ಲೂಟನ್ ಇಲ್ಲದ ಹಿಟ್ಟಿಗೆ 80ರಿಂದ 100, ಕೆಲವು ಸಲ ಅದಕ್ಕೂ ಜಾಸ್ತಿ ಬೇಕಾಗುತ್ತೆ, ನಾರು ಹಾಕಿದ್ಮೇಲೆ ಇನ್ನೂ ಏರುತ್ತೆ. ಹಳೇ ಅಳತೆಯ ನೀರಲ್ಲೇ ನಾರು ಹಾಕಿ ಬ್ರೆಡ್ ಗಟ್ಟಿ ಆಯ್ತು ಅಂತ ನಾರನ್ನ ಬೈಯೋರು ಬಹಳ ಜನ ಇದ್ದಾರೆ, ತಪ್ಪು ನಾರಿನದಲ್ಲ, ಅದಕ್ಕೆ ನೀರು ಕೊಟ್ಟಿರಲ್ಲ ಅಷ್ಟೇ.

ಓಟ್ಸ್ ವಿಷಯ ಎಚ್ಚರದಿಂದ ಹೇಳ್ಬೇಕು. ಅದ್ರಲ್ಲಿರೋ ಬೀಟಾ ಗ್ಲುಕಾನ್ ಬಹಳ ಒಳ್ಳೇ ನಾರು, ರಕ್ತದ ಸಕ್ಕರೆ ನಿಧಾನ ಏರೋ ಹಾಗೆ ಮಾಡುತ್ತೆ, ಕೊಲೆಸ್ಟ್ರಾಲ್ ಇಳಿಸುತ್ತೆ. ಆದ್ರೆ ಓಟ್ಸ್ ಬೆಳೆಯೋ ಹೊಲದಲ್ಲಿ, ಬೀಸೋ ಮಿಲ್ಲಲ್ಲಿ ಗೋಧಿ ಬಾರ್ಲಿ ಬೆರೆತು ಬಿಡುತ್ತೆ, ಆದ್ದರಿಂದ ಗ್ಲೂಟನ್ ಫ್ರೀ ಅಂತ ಪರೀಕ್ಷೆ ಆಗಿರೋ ಓಟ್ಸ್ ಮಾತ್ರ ತಗೋಬೇಕು, ಸೀಲಿಯಾಕ್ ಇರೋ ಕೆಲವೇ ಕೆಲವರಿಗೆ ಶುದ್ಧ ಓಟ್ಸ್ ಕೂಡ ಆಗಲ್ಲ, ಡಾಕ್ಟರನ್ನ ಕೇಳಿ ಶುರು ಮಾಡ್ಬೇಕು. ಬಾರ್ಲಿಯಲ್ಲೂ ಬೀಟಾ ಗ್ಲುಕಾನ್ ಜಾಸ್ತಿ ಇದೆ ಅಂತ ಓದಿ ಬಾರ್ಲಿ ಹಿಟ್ಟು ಬೆರೆಸೋರಿದ್ದಾರೆ, ದಯವಿಟ್ಟು ಬೇಡ, ಬಾರ್ಲಿಯಲ್ಲಿ ಗ್ಲೂಟನ್ ಇದೆ.

ಇಷ್ಟೆಲ್ಲ ಪುಡಿಗಳ ಬಗ್ಗೆ ಹೇಳಿದ್ರೂ ನನ್ನ ಮನಸ್ಸಿಗೆ ಹತ್ರ ಇರೋ ದಾರಿ ಹಿಟ್ಟನ್ನೇ ಬದಲಾಯಿಸೋದು. ಸ್ಟಾರ್ಚ್ ಅರ್ಧ ತೆಗೆದು ಆ ಜಾಗಕ್ಕೆ ಪೂರ್ತಿ ಕಾಳಿನ ಹಿಟ್ಟು ಹಾಕಿದ್ರೆ ಅರ್ಧ ಕೆಲಸ ಆದಂಗೆ. ಇಡೀ ಜೋಳದ ಹಿಟ್ಟು, ರಾಜಗಿರಿ, ಕಿನೋವಾ ಇವುಗಳಲ್ಲಿ 100 ಗ್ರಾಂಗೆ ಸುಮಾರು 6ರಿಂದ 7 ಗ್ರಾಂ ನಾರಿದೆ, ಬಕ್‌ವೀಟ್ (ಹೆಸರಲ್ಲಿ ವೀಟ್ ಇದ್ರೂ ಇದು ಗೋಧಿ ಅಲ್ಲ) ಹಿಟ್ಟಲ್ಲಿ, ಕಡಲೆ ಹಿಟ್ಟಲ್ಲಿ 10 ಗ್ರಾಂ ಆಸುಪಾಸು, ಅಗಸೆ ಬೀಜದಲ್ಲಂತೂ 27 ಗ್ರಾಂ. ಇವುಗಳ ಜೊತೆಗೆ ಪ್ರೋಟೀನ್, ಕಬ್ಬಿಣ, ಮೆಗ್ನೀಷಿಯಂ ಕೂಡ ಬರುತ್ತೆ. ಕಬ್ಬಿಣದ ಮಾತು ಯಾಕೆ ಅಂದ್ರೆ ಸೀಲಿಯಾಕ್ ಅಂತ ಹೊಸದಾಗಿ ಗೊತ್ತಾದೋರಲ್ಲಿ ರಕ್ತಹೀನತೆ ತುಂಬಾ ಸಾಮಾನ್ಯ, ಹೀಗಿರುವಾಗ ತುಂಬಾ ದೇಶಗಳಲ್ಲಿ ಗೋಧಿ ಹಿಟ್ಟಿಗೆ ಕಬ್ಬಿಣ ಫೋಲಿಕ್ ಆಸಿಡ್ ಸೇರಿಸ್ತಾರೆ, ಗ್ಲೂಟನ್ ಇಲ್ಲದ ಹಿಟ್ಟಿಗೆ ಸಾಮಾನ್ಯವಾಗಿ ಸೇರಿಸಲ್ಲ. ಯಾರಿಗೆ ಹೆಚ್ಚು ಬೇಕೋ ಅವರಿಗೇ ಸಿಗ್ತಿಲ್ಲ, ಇದು ನನಗೆ ನಿಜವಾಗ್ಲೂ ಸಂಕಟ ಆಗೋ ವಿಷಯ.

ಇಲ್ಲೊಂದು ಗಮನಿಸಬೇಕಾದ್ದಿದೆ. ತೌಡು, ಸಿಪ್ಪೆ, ಪೂರ್ತಿ ಕಾಳು ಅಂದ್ರೆ ಅದ್ರಲ್ಲಿ ಫೈಟೇಟ್ ಕೂಡ ಇರುತ್ತೆ, ಅದು ಕಬ್ಬಿಣ, ಜಿಂಕ್, ಕ್ಯಾಲ್ಸಿಯಂ ಇವನ್ನ ಹಿಡಿದಿಟ್ಕೊಂಡು ಮೈಗೆ ಸೇರದಂಗೆ ಮಾಡುತ್ತೆ. ಅದಕ್ಕೆ ಪರಿಹಾರ ಹುಳಿ ಬರಿಸೋದು. ಹಿಟ್ಟನ್ನ ರಾತ್ರಿಯೆಲ್ಲ ಹುದುಗಲು ಬಿಟ್ರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹುಳಿ ಮಾಡ್ತವೆ, ಆ ಹುಳಿಯಲ್ಲಿ ಧಾನ್ಯದಲ್ಲೇ ಇರೋ ಫೈಟೇಸ್ ಅನ್ನೋ ಕಿಣ್ವ ಚುರುಕಾಗಿ ಫೈಟೇಟ್‌ನ ಒಡೆಯುತ್ತೆ. ರುಚಿಯೂ ಬರುತ್ತೆ, ಬ್ರೆಡ್ ಬೇಗ ಕೆಡೋದೂ ಇಲ್ಲ. ಗಡಿಬಿಡಿಯಲ್ಲಿ ಒಂದು ಗಂಟೆಯಲ್ಲಿ ಉಬ್ಬಿಸಿ ಬೇಯಿಸಿದ ಬ್ರೆಡ್‌ಗೂ ಇದಕ್ಕೂ ತಿಂದವರಿಗೇ ಗೊತ್ತಾಗೋ ವ್ಯತ್ಯಾಸ ಇದೆ.

ಮನೇಲಿ ಮಾಡೋರಿಗೆ ನನ್ನ ಕೋರಿಕೆ, ಒಂದೇ ಸಲ ನಾರು ಏರಿಸಬೇಡಿ. ಸೀಲಿಯಾಕ್ ಈಗಷ್ಟೇ ಗೊತ್ತಾದ ಮಗುವಿನ ಕರುಳು ಇನ್ನೂ ಗಾಯ ಆರ್ತಿರುತ್ತೆ, ಅಂಥ ಹೊಟ್ಟೆಗೆ ತಟ್ಟನೆ ನಾರು ತುಂಬಿದ್ರೆ ಉಬ್ಬರ ನೋವು ಬಂದು ಮಗು ಬ್ರೆಡ್ಡನ್ನೇ ದೂರ ಮಾಡುತ್ತೆ. ಮೊದಲು ಬರೀ ಇಸಬ್‌ಗೋಲ್ ಸ್ವಲ್ಪ, ಅದು ಒಗ್ಗಿದ ಮೇಲೆ ಜೋಳದ ಹಿಟ್ಟೋ ಬಕ್‌ವೀಟೋ, ಆಮೇಲೆ ಅಗಸೆ, ಹೀಗೆ ನಿಧಾನಕ್ಕೆ ಹೋಗಿ, ಜೊತೆಗೆ ನೀರು ಚೆನ್ನಾಗಿ ಕುಡಿಸಿ, ನೀರಿಲ್ಲದೆ ನಾರು ಜಾಸ್ತಿ ಮಾಡಿದ್ರೆ ಮಲಬದ್ಧತೆ ಇನ್ನೂ ಜೋರಾಗುತ್ತೆ. ಬ್ರೆಡ್ ಓವನ್‌ನಿಂದ ತೆಗೆದ ತಕ್ಷಣ ಕತ್ತರಿಸಬೇಡಿ, ಪೂರ್ತಿ ಆರೋ ತನಕ ಒಳಗಿನ ಲೋಳೆ ಗಟ್ಟಿ ಆಗಿರಲ್ಲ, ಬಿಸಿಯಲ್ಲಿ ಕತ್ತರಿಸಿದ್ರೆ ಚಾಕುಗೆ ಅಂಟ್ಕೊಂಡು ಬರುತ್ತೆ. ಮಕ್ಕಳು ಬಣ್ಣ ನೋಡ್ತಾರೆ, ಕಂದು ಬ್ರೆಡ್ ಕೊಟ್ರೆ ಮೂತಿ ತಿರುಗಿಸ್ತಾರೆ, ಅವರಿಗೆ ಬಿಳಿ ಜೋಳದ ಹಿಟ್ಟು, ನುಣ್ಣಗಿನ ಬಟಾಣಿ ನಾರು ಆಗುತ್ತೆ, ಬಣ್ಣ ಅಷ್ಟಾಗಿ ಬದಲಾಗಲ್ಲ. ನನ್ನ ಮಗಳು ಇಸಬ್‌ಗೋಲ್ ಹಾಕಿದ ಬ್ರೆಡ್ ಕೈಲಿ ಹಿಡ್ಕೊಂಡು ಎರಡು ಕಡೆ ಮಡಚಿ, ಅಮ್ಮ ಇದು ಮುರೀತಿಲ್ಲ, ಇದ್ರಲ್ಲಿ ಸ್ಯಾಂಡ್‌ವಿಚ್ ಮಾಡ್ಕೊಡು ಅಂದ್ಳು. ನಾರಿನ ಗ್ರಾಂ ಲೆಕ್ಕ ಅವಳಿಗೆ ಬೇಕಾಗಿಲ್ಲ, ಉಳಿದ ಮಕ್ಕಳ ತರ ಸ್ಯಾಂಡ್‌ವಿಚ್ ತಿನ್ಬೇಕು ಅಷ್ಟೇ.

ಈಗ ಕಂಪನಿಗಳಿಗೆ ಮತ್ತು ನಿಯಮ ಮಾಡೋರಿಗೆ ಎರಡು ಮಾತು. ಎಲ್ಲಾ ಕಂಪನಿಗಳೂ ಕೆಟ್ಟದಾಗಿ ಮಾಡ್ತಿವೆ ಅಂತ ಹೇಳಿದ್ರೆ ಅನ್ಯಾಯ ಆಗುತ್ತೆ, ಇಸಬ್‌ಗೋಲ್, ಬಟಾಣಿ ನಾರು, ಕಾಳುಗಳನ್ನ ಹಾಕಿ ಗೋಧಿ ಬ್ರೆಡ್‌ಗೆ ಸಮ ಸಮ ನಾರು ಕೊಡೋ ಬ್ರೆಡ್‌ಗಳು ಈಗ ಬರ್ತಿವೆ, ಅಂದ್ರೆ ಮಾಡೋಕೆ ಸಾಧ್ಯ ಅಂತ ಸಾಬೀತಾಗಿದೆ. ತೊಂದರೆ ಏನಂದ್ರೆ ಅದು ಮಾಡೋರ ಮನಸ್ಸಿಗೆ ಬಿಟ್ಟಿದ್ದು, ಕಡ್ಡಾಯ ಇಲ್ಲ. ಗ್ಲೂಟನ್ ಫ್ರೀ ಆಹಾರದ ಕೋಡೆಕ್ಸ್ ಮಾನದಂಡದಲ್ಲಿ ಒಂದು ಒಳ್ಳೇ ಸಾಲಿದೆ, ಮುಖ್ಯವಾದ ಆಹಾರದ ಬದಲು ಕೊಡೋ ಪದಾರ್ಥದಲ್ಲಿ ಮೂಲ ಆಹಾರದಲ್ಲಿ ಇದ್ದಷ್ಟೇ ವಿಟಮಿನ್ ಮತ್ತು ಖನಿಜಾಂಶ ಹೆಚ್ಚುಕಮ್ಮಿ ಇರ್ಬೇಕು ಅಂತ. ಆ ಸಾಲಲ್ಲಿ ನಾರಿನ ಹೆಸರಿಲ್ಲ. ಸೇರಿಸಿ ಅಂತ ಕೇಳೋದು ದೊಡ್ಡ ಬೇಡಿಕೆ ಅಲ್ಲ. ಇಡೀ ಗೋಧಿ ಬ್ರೆಡ್‌ನ ಬದಲಿಗೆ ಅಂತ ಮಾರೋ ಗ್ಲೂಟನ್ ಫ್ರೀ ಬ್ರೆಡ್‌ನಲ್ಲಿ 100 ಗ್ರಾಂಗೆ 6 ಗ್ರಾಂ ನಾರು ಇರ್ಬೇಕು, ಬಿಳಿ ಬ್ರೆಡ್‌ನ ಬದಲಿಗೆ ಆದ್ರೆ ಕನಿಷ್ಠ 3 ಗ್ರಾಂ, ಅದನ್ನ ಬೆಂದ ಬ್ರೆಡ್‌ನಲ್ಲಿ ಅಳೆದು ಬರೀಬೇಕು, ಯಾವ ಮೂಲದ ನಾರು ಅನ್ನೋದನ್ನೂ ಅದರ ಪಕ್ಕದಲ್ಲೇ ಹಾಕ್ಬೇಕು. ನಾರು ಅಂತ ಒಂದೇ ಅಂಕಿ ಕೊಟ್ರೆ ಹೊಟ್ಟೆ ಸೂಕ್ಷ್ಮ ಇರೋರಿಗೆ ಅದ್ರಿಂದ ಉಪಯೋಗ ಇಲ್ಲ, ಅದು ಇಸಬ್‌ಗೋಲ್‌ನದ್ದಾ ಇನುಲಿನ್‌ನದ್ದಾ ಅಂತ ಗೊತ್ತಾದ್ರೆ ತಾನೇ ಅವರು ಆರಿಸ್ಕೊಳ್ಳೋಕೆ ಆಗೋದು.

ಡಾಕ್ಟರ್‌ಗಳಿಗೂ ಒಂದು ವಿನಂತಿ, ಸೀಲಿಯಾಕ್ ಅಂತ ರಿಪೋರ್ಟ್ ಕೈಗೆ ಕೊಡುವಾಗ ಗೋಧಿ ಬಿಡಿ ಅಂತ ಮಾತ್ರ ಹೇಳಿ ಕಳಿಸ್ಬೇಡಿ, ಅವತ್ತೇ ಡಯಟಿಶಿಯನ್ ಹತ್ರ ಕಳಿಸಿ, ಏನು ಬಿಡ್ಬೇಕು ಅನ್ನೋ ಪಟ್ಟಿ ಜೊತೆ ಏನು ಸೇರಿಸ್ಬೇಕು ಅನ್ನೋ ಪಟ್ಟಿಯನ್ನೂ ಕೊಡ್ಸಿ. ಮೊದಲನೇ ಪಟ್ಟಿ ನಮಗೆ ಉದ್ದವಾಗೇ ಸಿಕ್ತು. ಎರಡನೇದನ್ನ ನಾವೇ ಓದಿ, ಮಾಡಿ ನೋಡಿ ಹುಡುಕ್ಕೋಬೇಕಾಯ್ತು, ಎಲ್ಲಾ ತಂದೆ ತಾಯಿಗೂ ಅಷ್ಟು ಪುರುಸೊತ್ತು ಇರಲ್ಲ. ಪತ್ರಿಕೆಯ ಆರೋಗ್ಯ ಪುಟದಲ್ಲಿ ಒಬ್ಬ ಡಯಟಿಶಿಯನ್ ಕೈಲಿ ಆ ಎರಡನೇ ಪಟ್ಟಿಯನ್ನ ಬರೆಸಿ ಪ್ರಕಟ ಮಾಡ್ತೀರಾ ಅಂತ ನಿಮ್ಮನ್ನ ಕೇಳ್ಕೊಳ್ತೀನಿ, ವಯಸ್ಸಿಗೆ ತಕ್ಕ ಹಾಗೆ ಎಷ್ಟು ನಾರು, ಯಾವ ಹಿಟ್ಟಿಂದ, ಯಾವ ಕ್ರಮದಲ್ಲಿ ಶುರು ಮಾಡ್ಬೇಕು ಅನ್ನೋದಿದ್ರೆ ಕತ್ತರಿಸಿ ಅಡುಗೆಮನೆ ಗೋಡೆಗೆ ಅಂಟಿಸ್ಕೊಳ್ಳೋರು ತುಂಬಾ ಜನ ಇದ್ದಾರೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗಿ